ಹೊಲದ ನೆನಪು ಎಷ್ಟು ದಿನದ್ದು?

ಇಂಗ್ಲೆಂಡಿನ ಹೈನುಗಾರರಿಗೆ ಅಕ್ಟೋಬರ್ ತಿಂಗಳೆಂದರೆ ಬಗ್ಗಡದ ಟ್ಯಾಂಕರ್‌ಗೆ ಬೀಗ ಬೀಳುವ ಹೊತ್ತು. ಜಮೀನು ‘ನೈಟ್ರೇಟ್ ಅಪಾಯ ವಲಯ’ದೊಳಗಿದ್ದರೆ ಅಕ್ಟೋಬರ್ 1ರಿಂದ ಜನವರಿ ಕೊನೆಯವರೆಗೆ ಉಳುವ ಹೊಲಕ್ಕೆ ಸಗಣಿ ಗಂಜಲದ ಬಗ್ಗಡ ಹರಡುವಂತಿಲ್ಲ. ಹುಲ್ಲುಗಾವಲಿಗೆ ಇನ್ನೆರಡು ವಾರದ ಸಡಿಲಿಕೆಯಿದೆ. ಮರಳು ಮಿಶ್ರಿತ ಉಳುವ ಹೊಲವಾದರೆ ಸಾಮಾನ್ಯವಾಗಿ ಆಗಸ್ಟ್‌ನಲ್ಲೇ ಬಾಗಿಲು ಮುಚ್ಚುತ್ತದೆ. ಹಸು ಹಂದಿಗಳು ಈ ಕ್ಯಾಲೆಂಡರ್ ನೋಡಿ ಸಗಣಿ ಹಾಕುವುದಿಲ್ಲವಾದ್ದರಿಂದ, ದನದ ಬಗ್ಗಡವನ್ನು ಐದು ತಿಂಗಳು, ಹಂದಿಯದನ್ನು ಆರು ತಿಂಗಳು ಕೂಡಿಡುವಷ್ಟು ದೊಡ್ಡ ತೊಟ್ಟಿಯನ್ನು ರೈತರೇ ಕಟ್ಟಿಸಿಕೊಳ್ಳಬೇಕು. ಬೀಗ ತೆರೆದ ಮೇಲೂ ಬಾವಿ ಮತ್ತು ಚಿಲುಮೆಯಿಂದ 50 ಮೀಟರ್, ಹಳ್ಳ ಕೊಳ್ಳದಿಂದ 10 ಮೀಟರ್ ದೂರ ಬಿಡಬೇಕು. ನೆಲ ಹೆಪ್ಪುಗಟ್ಟಿದ್ದರೆ, ಹಿಮ ಮುಚ್ಚಿದ್ದರೆ, ನೀರು ನಿಂತಿದ್ದರೆ ಮುಟ್ಟುವಂತೆಯೇ ಇಲ್ಲ.

ನಮ್ಮ ಕಡೆಯ ರೈತರಿಗೆ ಇದು ವಿಚಿತ್ರವಾಗಿ ಕಾಣಬಹುದು. ಹೆಣ್ಣು ಕೊಡುವವರು ಗಂಡಿನ ಮನೆಯ ತಿಪ್ಪೆಯ ಗಾತ್ರ ನೋಡಿ ಕುಳ ಎಷ್ಟು ಗಟ್ಟಿ ಎಂದು ಅಳೆಯುತ್ತಿದ್ದ ನಾಡು ಇದು. ಕೊಟ್ಟಿಗೆ ನಮ್ಮದು, ಗೊಬ್ಬರ ನಮ್ಮದು, ಹೊಲವೂ ನಮ್ಮದು. ನಡುವೆ ಸರ್ಕಾರಕ್ಕೇನು ಕೆಲಸ?

ಉತ್ತರ ಮಣ್ಣಿನಲ್ಲಿದೆ. ಗೊಬ್ಬರವೆಂದು ಒಂದೇ ಹೆಸರಿನಿಂದ ಕರೆಯುವ ರಾಶಿಯಲ್ಲಿ ಸಾರಜನಕ, ರಂಜಕ, ರೋಗಾಣು, ಜಂತುಹುಳುವಿನ ಮೊಟ್ಟೆಗಳಿರುತ್ತವೆ. ರಾಶಿ ಕೊಟ್ಟಿಗೆಯದಾಗಿರದೆ ಪಟ್ಟಣದ ಒಳಚರಂಡಿಯ ಕೆಸರಾಗಿದ್ದರೆ ಸತು, ಸೀಸ, ಕ್ಯಾಡ್ಮಿಯಂ, ಕಾರ್ಖಾನೆಯ ರಾಸಾಯನಿಕಗಳೂ ಸೇರಿಕೊಳ್ಳುತ್ತವೆ. ಇವುಗಳಲ್ಲಿ ಕೆಲವನ್ನು ಹೊಲ ಒಂದು ಮಳೆಗಾಲದಲ್ಲಿ ಮರೆತುಬಿಡುತ್ತದೆ. ಕೆಲವನ್ನು ಮರಿಮಕ್ಕಳ ಕಾಲಕ್ಕೂ ನೆನಪಿಟ್ಟುಕೊಂಡಿರುತ್ತದೆ. ಗೊಬ್ಬರದ ಕಾನೂನುಗಳು ಬಿಡಿಬಿಡಿಯಾಗಿ ಓದಿದರೆ ಅಧಿಕಾರಿಗಳ ಕಿರುಕುಳದಂತೆ ತೋರುತ್ತವೆ. ಈ ನೆನಪಿನ ಅವಧಿಗೆ ತಕ್ಕಂತೆ ಜೋಡಿಸಿ ನೋಡಿದರೆ ಅವುಗಳ ತರ್ಕ ಬಿಚ್ಚಿಕೊಳ್ಳುತ್ತದೆ. ಎಲ್ಲಿ ಅವು ಗೆದ್ದವು, ಎಲ್ಲಿ ಸೋತವು ಎನ್ನುವುದೂ ತಿಳಿಯುತ್ತದೆ.

ಒಂದು ಋತುವಿನ ನೆನಪು

ಬಗ್ಗಡ ನೆಲಕ್ಕೆ ಬಿದ್ದ ಗಳಿಗೆಯಿಂದ ಅದರ ಸಾರಜನಕ ಓಡಲು ಶುರುಮಾಡುತ್ತದೆ. ಗಂಜಲದ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಮೂಗಿಗೆ ಅಡರುವ ಆ ಘಾಟು, ರೈತರ ದುಡ್ಡು ಗಾಳಿಗೆ ಹೋಗುತ್ತಿರುವುದರ ಸೂಚನೆ. ನೆಲದಲ್ಲಿ ಉಳಿದ ಅಮೋನಿಯಂ ಅನ್ನು ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುತ್ತವೆ. ಜೇಡಿಯ ಕಣಗಳ ಮೇಲೆ ಋಣ ವಿದ್ಯುದಂಶ ಇರುತ್ತದೆ, ನೈಟ್ರೇಟ್ ಮೇಲೆಯೂ ಅದೇ. ಹಾಗಾಗಿ ಮಣ್ಣು ಅದನ್ನು ಹಿಡಿದಿಡಲಾರದು. ಬೇರು ಹೀರಿಕೊಂಡರೆ ಬೆಳೆಗೆ, ಇಲ್ಲವಾದರೆ ಮಳೆ ನೀರಿನೊಂದಿಗೆ ಕೆಳಕ್ಕೆ. ಇಂಗ್ಲೆಂಡಿನ ಚಳಿಗಾಲದಲ್ಲಿ ಮಳೆ ಸುರಿಯುತ್ತಿರುತ್ತದೆ, ಬೇರುಗಳು ಮಾತ್ರ ನಿದ್ದೆಯಲ್ಲಿರುತ್ತವೆ. ಆಗ ಹಾಕಿದ ಬಗ್ಗಡ ಅಂತರ್ಜಲಕ್ಕೆ ಹಾಕಿದ ಹಾಗೆ. ಅಕ್ಟೋಬರಿನ ಬೀಗದ ಹಿಂದಿರುವುದು ಇದೇ ರಸಾಯನಶಾಸ್ತ್ರ.

1945ರಲ್ಲಿ ಅಮೆರಿಕದ ಅಯೋವಾದ ವೈದ್ಯ ಹಂಟರ್ ಕಾಮ್ಲಿ, ಬಾವಿ ನೀರಿನಲ್ಲಿ ಕಲಸಿದ ಹಾಲು ಕುಡಿದ ಹಸುಗೂಸುಗಳ ಮೈ ನೀಲಿಗಟ್ಟುವುದಕ್ಕೆ ನೈಟ್ರೇಟ್ ಕಾರಣವೆಂದು ವರದಿ ಮಾಡಿದರು. ಕರುಳಿನಲ್ಲಿ ನೈಟ್ರೈಟ್ ಆಗಿ ಮಾರ್ಪಡುವ ಅದು, ರಕ್ತ ಆಮ್ಲಜನಕ ಹೊರುವುದನ್ನು ತಡೆಯುತ್ತದೆ. ಯುರೋಪು ಕುಡಿಯುವ ನೀರಿಗೆ ಲೀಟರಿಗೆ 50 ಮಿಲಿಗ್ರಾಂ ನೈಟ್ರೇಟ್‌ನ ಗೆರೆ ಎಳೆದಿದೆ, ಭಾರತದ ಮಾನದಂಡ 45. 1991ರ ಯುರೋಪಿನ ನೈಟ್ರೇಟ್ ನಿರ್ದೇಶನ ಈ ಗೆರೆಯನ್ನು ಹೊಲದವರೆಗೆ ಎಳೆದು ತಂದಿತು. ಅಪಾಯ ವಲಯಗಳಲ್ಲಿ ಹೆಕ್ಟೇರಿಗೆ, ಅಂದರೆ ಸುಮಾರು ಎರಡೂವರೆ ಎಕರೆಗೆ, ವರ್ಷಕ್ಕೆ ಪಶುಗೊಬ್ಬರದ ಸಾರಜನಕ 170 ಕಿಲೋ ದಾಟಬಾರದು. ಇಂಗ್ಲೆಂಡಿನ ಲೆಕ್ಕದಲ್ಲಿ ಸಾಧಾರಣ ಹೈನು ಹಸು ವರ್ಷಕ್ಕೆ 100 ಕಿಲೋ ಆಸುಪಾಸು ಸಾರಜನಕ ಹೊರಹಾಕುತ್ತದೆ. ಹಾಗಾದರೆ ಒಂದು ಹೆಕ್ಟೇರು ಎರಡು ಹಸುವಿನ ಸಗಣಿಯನ್ನೂ ತಾಳುವುದಿಲ್ಲ! ಹೊರಗಿನಿಂದ ಮೇವು ತರಿಸಿ, ಇಕ್ಕಟ್ಟಾದ ನೆಲದಲ್ಲಿ ಹೆಚ್ಚು ದನ ಕಟ್ಟಿದ ನೆದರ್ಲೆಂಡ್ಸಿನ ರೈತರಿಗೆ ಈ ಸಂಖ್ಯೆ ಕೊರಳಿಗೆ ಸುತ್ತಿಕೊಂಡಿತು. ಈ ಮಿತಿಯಿಂದ ಅವರು ಬಹುಕಾಲ ಅನುಭವಿಸುತ್ತಿದ್ದ ವಿನಾಯಿತಿಯನ್ನು ಹಂತಹಂತವಾಗಿ ಮೊಟಕುಗೊಳಿಸಲು ಯುರೋಪಿಯನ್ ಆಯೋಗ 2022ರಲ್ಲಿ ತೀರ್ಮಾನಿಸಿತು.

ನೈಟ್ರೇಟನ್ನು ಹೊಲ ಬೇಗ ಮರೆತರೂ ಕೆಳಗಿನ ಬಂಡೆ ಮರೆಯುವುದಿಲ್ಲ. ದಕ್ಷಿಣ ಇಂಗ್ಲೆಂಡಿನ ಸೀಮೆಸುಣ್ಣದ ಕಲ್ಲಿನಲ್ಲಿ ಅದು ವರ್ಷಕ್ಕೆ ಸುಮಾರು ಒಂದು ಮೀಟರಿನಂತೆ ಇಳಿಯುತ್ತದೆ. ಅಜ್ಜ ಹಾಕಿದ ಗೊಬ್ಬರ ಮೊಮ್ಮಗನ ಕೊಳವೆಬಾವಿಯಲ್ಲಿ ಕಾಣಿಸಿಕೊಳ್ಳಬಹುದು. ಹಾಗಿದ್ದರೂ ಇವತ್ತು ಸರಿಯಾದ ಹೊತ್ತಿಗೆ, ಸರಿಯಾದ ಪ್ರಮಾಣದಲ್ಲಿ ಹಾಕಿದರೆ ಮುಂದಿನ ಕಂತು ನಿಲ್ಲುತ್ತದೆ. ಸಾರಜನಕದ ನಿಯಮವನ್ನು ರೈತರ ಕ್ಯಾಲೆಂಡರಿನಲ್ಲಿ ಬರೆದದ್ದು ಸರಿಯಾಗಿಯೇ ಇದೆ. ಆ ಓಟಕ್ಕೆ ಕಡಿವಾಣ ಹಾಕಬಲ್ಲವರು ರೈತರೇ.

ಕೆಸರಿನ ಹುಟ್ಟು, ಮೊಟ್ಟೆಯ ಹಟ

ಪಟ್ಟಣದ ಕೆಸರಿನ ಕಥೆ ಬೇರೆ. 1914ರ ಏಪ್ರಿಲ್ 3ರಂದು ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬಿಬ್ಬರು ಮ್ಯಾಂಚೆಸ್ಟರಿನಲ್ಲಿ ಒಂದು ಪ್ರಬಂಧ ಮಂಡಿಸಿದರು. ಚರಂಡಿ ನೀರಿಗೆ ಗಾಳಿ ಊದಿ, ತಳಕ್ಕಿಳಿದ ಕೆಸರನ್ನು ಚೆಲ್ಲದೆ ಮತ್ತೆ ಮತ್ತೆ ಬಳಸಿದರೆ ಅದರಲ್ಲಿನ ಸೂಕ್ಷ್ಮಜೀವಿಗಳು ಕೆಲವೇ ಗಂಟೆಗಳಲ್ಲಿ ನೀರನ್ನು ತಿಳಿ ಮಾಡುತ್ತವೆ ಎಂಬುದು ಅದರ ತಿರುಳು. ಲೋಕದ ದೊಡ್ಡ ಊರುಗಳ ಒಳಚರಂಡಿ ಘಟಕಗಳು ಬಹುಪಾಲು ಇಂದಿಗೂ ನಡೆಯುತ್ತಿರುವುದು ಈ ವಿಧಾನದಲ್ಲೇ. ಅವರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ತ್ಯಾಜ್ಯದಲ್ಲಿರುವ ಸಾರಜನಕ ಪೋಲಾಗದೆ ಮಣ್ಣಿಗೆ ಮರಳಬೇಕೆಂಬುದು ಅವರ ಹಂಬಲ. ಅದೇ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ 1939ರಲ್ಲಿ ರೂಪಿಸಿದ ‘ಬೆಂಗಳೂರು ವಿಧಾನ’ ಕೃಷಿ ಪಠ್ಯಗಳಲ್ಲಿ ಈಗಲೂ ಇದೆ. ಊರಿನ ಕಸವನ್ನೂ ಮಲವನ್ನೂ ಕಂದಕದಲ್ಲಿ ಪದರಪದರವಾಗಿ ತುಂಬಿ, ಮಣ್ಣು ಮುಚ್ಚಿ, ತಿಂಗಳುಗಟ್ಟಲೆ ಕೊಳೆಯಲು ಬಿಡುವ ಪದ್ಧತಿ ಅದು. ಆ ಕಂದಕಕ್ಕೆ ಮಲ ಹೊತ್ತು ತಂದ ತಲೆಗಳು ಯಾವ ಜಾತಿಯವರದೆಂದು ಪಠ್ಯಗಳು ಹೇಳುವುದಿಲ್ಲ. ಮಲ ಹೊರುವುದನ್ನು ನಿಷೇಧಿಸಿದ 1993 ಮತ್ತು 2013ರ ಕಾಯ್ದೆಗಳನ್ನೂ ಗೊಬ್ಬರದ ಕಾನೂನುಗಳ ಸಾಲಿನಲ್ಲೇ ಓದಬೇಕು.

ನೀರು ತಿಳಿಯಾದಷ್ಟೂ ತಳದಲ್ಲಿ ಕೆಸರು ಹೆಚ್ಚುತ್ತದೆ. ಕರಾವಳಿಯ ನಗರಗಳು ಅದನ್ನು ದಶಕಗಳ ಕಾಲ ಹಡಗಿಗೆ ತುಂಬಿ ಕಡಲಿಗೆ ಸುರಿದವು. ನ್ಯೂಯಾರ್ಕ್ 1992ರಲ್ಲಿ ನಿಲ್ಲಿಸಿತು, ಯುರೋಪ್ 1998ರ ಕೊನೆಗೆ. ಕಡಲು ಮುಚ್ಚಿದ ಮೇಲೆ ಉಳಿದದ್ದು ಮೂರೇ ದಾರಿ: ಸುಡುವುದು, ಹೂಳುವುದು, ಹೊಲಕ್ಕೆ ಹಾಕುವುದು. ಹೊಲವೇ ಅಗ್ಗ. ರೈತರಿಗೂ ಪುಕ್ಕಟೆಯಾಗಿ ಸಾರಜನಕ, ರಂಜಕ, ಸಾವಯವ ಅಂಶ ಸಿಗುತ್ತಿತ್ತು.

ಆದರೆ ಮನುಷ್ಯರ ಮಲದಲ್ಲಿ ಮನುಷ್ಯರ ರೋಗಗಳೇ ಇರುತ್ತವೆ. ಬಿಸಿಲು, ಒಣಹವೆ, ಮಣ್ಣಿನ ಇತರ ಜೀವಿಗಳ ಪೈಪೋಟಿಯ ಎದುರು ಬಹಳಷ್ಟು ಬ್ಯಾಕ್ಟೀರಿಯಾಗಳು ವಾರಗಳಲ್ಲಿ, ತಿಂಗಳುಗಳಲ್ಲಿ ಸಾಯುತ್ತವೆ. ದುಂಡುಹುಳುವಿನ ಮೊಟ್ಟೆ ಮಾತ್ರ ಗಟ್ಟಿ ಕವಚದೊಳಗೆ ವರ್ಷಗಳ ಕಾಲ ಜೀವ ಹಿಡಿದಿರಬಲ್ಲದು. ಅಮೆರಿಕದ 1993ರ ನಿಯಮದಲ್ಲಿ ಇದನ್ನು ಗಮನಿಸಿ ಬರೆದ ಒಂದು ಸೊಗಸಾದ ವಿವರವಿದೆ. ಸಾಧಾರಣವಾಗಿ ಸಂಸ್ಕರಿಸಿದ ಕೆಸರು ಹಾಕಿದ ನೆಲದಲ್ಲಿ, ಮಣ್ಣಿಗೆ ತಾಗುವಂತೆ ಮೇಲೆ ಬೆಳೆಯುವ ಕಾಯಿಪಲ್ಯವನ್ನು 14 ತಿಂಗಳು ಕೊಯ್ಯುವಂತಿಲ್ಲ. ಗೆಡ್ಡೆ ಗೆಣಸಾದರೆ, ಕೆಸರು ಕನಿಷ್ಠ ನಾಲ್ಕು ತಿಂಗಳು ಮೇಲೆಯೇ ಹರಡಿಕೊಂಡಿದ್ದು ಆಮೇಲೆ ಉತ್ತಿದ್ದರೆ 20 ತಿಂಗಳು ಕಾಯಬೇಕು. ಅದಕ್ಕೂ ಮೊದಲೇ ಉತ್ತುಬಿಟ್ಟಿದ್ದರೆ 38 ತಿಂಗಳು. ಮೇಲಿದ್ದಾಗ ಬಿಸಿಲು ಮೊಟ್ಟೆಯನ್ನು ಕೊಲ್ಲುತ್ತದೆ, ಮಣ್ಣಿನಡಿ ತಂಪೂ ತೇವವೂ ಅದನ್ನು ಕಾಪಾಡುತ್ತವೆ. ನೇಗಿಲು ಆತುರಪಟ್ಟರೆ ಕಾಯುವ ಕಾಲ ದುಪ್ಪಟ್ಟಿನ ಸಮೀಪ ಹೋಗುತ್ತದೆ.

ಬ್ರಿಟನ್ನಿನಲ್ಲಿ ಈ ವಿಷಯದಲ್ಲಿ ಬಿಗಿ ಪಟ್ಟು ಹಾಕಿದ್ದು ಅಂಗಡಿಕಾರರು. ಕೆಸರು ಹಾಕಿದ ಹೊಲದ ತರಕಾರಿಯನ್ನು ಗಿರಾಕಿಗಳು ನಿರಾಕರಿಸಿಯಾರೆಂಬ ಅಳುಕಿನಿಂದ ಚಿಲ್ಲರೆ ಮಾರಾಟಗಾರರ ಒಕ್ಕೂಟ ನೀರು ಕಂಪನಿಗಳೊಂದಿಗೆ 1998ರಲ್ಲಿ ಒಪ್ಪಂದ ಮಾಡಿಕೊಂಡಿತು. ಸಂಸ್ಕರಿಸದ ಕೆಸರು ಆಹಾರ ಬೆಳೆಯಿಂದ ಹೊರಬಿತ್ತು. ಹಸಿಯಾಗಿ ತಿನ್ನುವ ಸೊಪ್ಪು ಬೆಳೆಯುವ ನೆಲಕ್ಕೆ ಸಾಧಾರಣ ಸಂಸ್ಕರಣೆಯ ಕೆಸರು ಬಿದ್ದಿದ್ದರೆ ಕೊಯ್ಲಿಗೆ 30 ತಿಂಗಳ ಅಂತರ ಬೇಕಾಯಿತು. ರೋಗಾಣುಗಳನ್ನು ಹತ್ತು ಲಕ್ಷಕ್ಕೆ ಒಂದರಷ್ಟಕ್ಕೆ ಇಳಿಸಿದ ಕೆಸರಿಗೆ ಹತ್ತೇ ತಿಂಗಳು. ಮೊಟ್ಟೆಯ ಹಟವನ್ನು ಹೊಲದಲ್ಲಿ ಕಾದು ಮುರಿಯುವುದಕ್ಕಿಂತ ಘಟಕದಲ್ಲೇ ಬಿಸಿ ಮಾಡಿ, ಸುಣ್ಣ ಬೆರೆಸಿ ಮುರಿಯುವುದು ಲೇಸೆಂಬ ಲೆಕ್ಕಾಚಾರ ಇದು. ನಿಯಮ ಹೊಲದಿಂದ ಒಂದು ಹೆಜ್ಜೆ ಹಿಂದಕ್ಕೆ, ಸಂಸ್ಕರಣಾ ಘಟಕದ ಅಂಗಳಕ್ಕೆ ಸರಿಯಿತು.

ದಶಕಗಳ ನೆನಪು

ರಂಜಕದ ಸ್ವಭಾವ ಸಾರಜನಕಕ್ಕೆ ತದ್ವಿರುದ್ಧ. ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ, ಸುಣ್ಣಗಳಿಗೆ ಅದು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬೆಳೆಯ ಸಾರಜನಕದ ಅಗತ್ಯಕ್ಕೆ ತಕ್ಕಷ್ಟು ಗೊಬ್ಬರ ಅಥವಾ ಕೆಸರು ಹಾಕುತ್ತ ಹೋದರೆ ರಂಜಕ ಅಗತ್ಯ ಮೀರಿ ಬೀಳುತ್ತದೆ, ವರ್ಷದಿಂದ ವರ್ಷಕ್ಕೆ ಮೇಲ್ಮಣ್ಣಿನಲ್ಲಿ ಸೇರುತ್ತದೆ. ಮಣ್ಣು ತುಂಬಿ ತುಳುಕುವ ಹೊತ್ತಿಗೆ ಮಳೆ ಅದನ್ನು ಕೊಚ್ಚಿ ಕೆರೆಗೆ ತಲುಪಿಸುತ್ತದೆ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೀಡೊ ನಗರದ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿಗೆ ನಲ್ಲಿ ನೀರು ಕುಡಿಯಬೇಡಿ ಎಂಬ ಆದೇಶ ಹೊರಟಿತು. ಈರಿ ಸರೋವರದಲ್ಲಿ ರಂಜಕ ಉಂಡು ಕೊಬ್ಬಿದ ನೀಲಿ ಹಸಿರು ಪಾಚಿಯ ವಿಷ ನೀರಿಗೆ ಸೇರಿತ್ತು. ಮರುವರ್ಷ ಒಹಾಯೋ ರಾಜ್ಯ ಸರೋವರದ ಪಶ್ಚಿಮ ಜಲಾನಯನಕ್ಕೆ ಕಾನೂನು ತಂದಿತು. ಹೆಪ್ಪುಗಟ್ಟಿದ ಅಥವಾ ನೀರು ಕುಡಿದು ತುಂಬಿದ ನೆಲಕ್ಕೆ ಗೊಬ್ಬರ ಬೇಡ. ಮುಂದಿನ 24 ಗಂಟೆಗಳಲ್ಲಿ ಅರ್ಧ ಇಂಚಿಗಿಂತ ಹೆಚ್ಚು ಮಳೆಯಾಗುವ ಸಾಧ್ಯತೆ ಶೇ. 50 ಮೀರಿದ್ದರೆ ಆಗಲೂ ಬೇಡ. ಹವಾಮಾನ ಮುನ್ಸೂಚನೆ ಕೇಳದೆ ಗೊಬ್ಬರ ಹರಡುವುದೇ ಅಪರಾಧವಾಗಬಹುದಾದ ಸ್ಥಿತಿ! ಆದರೂ ನಲವತ್ತು ವರ್ಷದಿಂದ ಮಣ್ಣಿನಲ್ಲಿ ಕೂತ ರಂಜಕವನ್ನು ಒಂದು ದಿನದ ಮುನ್ಸೂಚನೆ ಹೊರಗೆ ತೆಗೆಯಲಾರದು. ಕ್ಯಾಲೆಂಡರಿನ ಕೈ ಸೋಲತೊಡಗುವುದು ಇಲ್ಲಿಂದ.

ಶತಮಾನಗಳ ನೆನಪು

1942ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದವರು ವೋಬರ್ನ್ ಎಂಬಲ್ಲಿ ತರಕಾರಿ ಬೆಳೆಯ ಪ್ರಯೋಗ ಶುರುಮಾಡಿದರು. ಕೆಲವು ತಾಕುಗಳಿಗೆ ಕೊಟ್ಟಿಗೆ ಗೊಬ್ಬರ, ಕೆಲವಕ್ಕೆ ನಗರದ ಕೆಸರು. ಯುದ್ಧಕಾಲದ ಪ್ರಶ್ನೆ ಸರಳವಾಗಿತ್ತು: ಯಾವುದು ಮಣ್ಣನ್ನು ಹೆಚ್ಚು ಫಲವತ್ತಾಗಿಸುತ್ತದೆ? 1961ಕ್ಕೆ ಕೆಸರು ಹಾಕುವುದನ್ನು ನಿಲ್ಲಿಸಿದರು. ಪ್ರಯೋಗದ ನಿಜವಾದ ಫಲ ಬಂದದ್ದು ಎರಡು ದಶಕಗಳ ನಂತರ. 1980ರ ದಶಕದಲ್ಲಿ ವಿಜ್ಞಾನಿಗಳಾದ ಬ್ರೂಕ್ಸ್ ಮತ್ತು ಮೆಕ್‌ಗ್ರಾತ್ ಆ ಮಣ್ಣನ್ನು ಪರೀಕ್ಷಿಸಿದಾಗ ಕೆಸರಿನೊಂದಿಗೆ ಬಂದ ಸತು, ತಾಮ್ರ, ಕ್ಯಾಡ್ಮಿಯಂಗಳು ಬಹುಪಾಲು ಉಳುಮೆಯ ಪದರದಲ್ಲೇ ಇದ್ದವು. ಕೆಸರಿನ ತಾಕುಗಳಲ್ಲಿ ಸೂಕ್ಷ್ಮಜೀವಿಗಳ ಒಟ್ಟು ರಾಶಿ ಕೊಟ್ಟಿಗೆ ಗೊಬ್ಬರದ ತಾಕಿಗಿಂತ ಸುಮಾರು ಅರ್ಧಕ್ಕಿಳಿದಿತ್ತು. ಅಲ್ಲಿ ಬಿತ್ತಿದ ಬಿಳಿ ಕ್ಲೋವರ್ ಎಂಬ ದ್ವಿದಳ ಮೇವು ಸಾರಜನಕವಿಲ್ಲದೆ ಸೊರಗಿತು. ಅದರ ಬೇರುಗಂಟಿನಲ್ಲಿ ಗಾಳಿಯ ಸಾರಜನಕ ಹಿಡಿಯಬೇಕಾದ ರೈಜೋಬಿಯಂ ಬ್ಯಾಕ್ಟೀರಿಯಾಗಳಲ್ಲಿ ಲೋಹ ತಾಳಿ ಉಳಿದದ್ದು ಆ ಕೆಲಸವನ್ನೇ ಮಾಡದ ತಳಿ! ಅದೂ ಆಗಿನ ಯುರೋಪಿನ ಮಿತಿಯ ಆಸುಪಾಸಿನಲ್ಲಿದ್ದ ಲೋಹದ ಮಟ್ಟದಲ್ಲಿ.

ಸಾರಜನಕ ಹಾರಿಹೋಗುತ್ತದೆ, ಮೊಟ್ಟೆ ಕೊನೆಗೊಮ್ಮೆ ಸಾಯುತ್ತದೆ. ಕ್ಯಾಡ್ಮಿಯಂ ಒಂದು ಧಾತು, ಅದು ಕೊಳೆಯುವುದಿಲ್ಲ. ಬೆಳೆಯೊಂದಿಗೆ ಹೊರಹೋಗುವುದು, ನೀರಿನೊಂದಿಗೆ ಇಳಿಯುವುದು ಅತ್ಯಲ್ಪ. ಯುರೋಪಿನ 1986ರ ಕೆಸರು ನಿರ್ದೇಶನದಲ್ಲಿ ಈ ಅರಿವು ಕಾಣುತ್ತದೆ. ಕೆಸರಿಗೆ ಒಂದು ಮಿತಿ, ಮಣ್ಣಿಗೆ ಇನ್ನೊಂದು, ಹತ್ತು ವರ್ಷದ ಸರಾಸರಿಯಲ್ಲಿ ಹೆಕ್ಟೇರಿಗೆ ಬೀಳುವ ಒಟ್ಟು ಪ್ರಮಾಣಕ್ಕೆ ಮತ್ತೊಂದು. ಕ್ಯಾಡ್ಮಿಯಂ ಆದರೆ ಒಣ ಕೆಸರಿನಲ್ಲಿ ಕಿಲೋಗೆ 20ರಿಂದ 40 ಮಿಲಿಗ್ರಾಂ, ಮಣ್ಣಿನಲ್ಲಿ 1ರಿಂದ 3 ಮಿಲಿಗ್ರಾಂ. ಹೊಲದ ಮಣ್ಣನ್ನು ಐದು ಹೆಕ್ಟೇರಿಗೆ ಮೀರದ ತುಂಡಿನಲ್ಲಿ 25 ಕಡೆ ತೋಡಿ, ಬೆರೆಸಿ, ಪರೀಕ್ಷಿಸಬೇಕು. ಹುಳಿ ಮಣ್ಣಿನಲ್ಲಿ ಲೋಹ ಸಡಿಲಗೊಂಡು ಬೇರಿಗೆ ಏರುತ್ತದಾದ್ದರಿಂದ ಬ್ರಿಟನ್ ತನ್ನ 1989ರ ನಿಯಮದಲ್ಲಿ ಪಿಎಚ್ 5ಕ್ಕಿಂತ ಕೆಳಗಿನ ಮಣ್ಣಿಗೆ ಕೆಸರನ್ನೇ ನಿಷೇಧಿಸಿತು. ವೋಬರ್ನ್‌ನಂಥ ಪುರಾವೆಗಳ ಮೇಲೆ ತಜ್ಞರು ಮಣ್ಣಿನ ಸತುವಿನ ಮಿತಿಯನ್ನು 300ರಿಂದ 200 ಮಿಲಿಗ್ರಾಂಗೆ ಇಳಿಸಲು ಹೇಳಿದರು.

ಇಷ್ಟೆಲ್ಲ ಅಳತೆ ಮಾಡಿದರೂ ಲೋಹದ ಯುದ್ಧ ಗೆದ್ದದ್ದು ಹೊಲದಲ್ಲಲ್ಲ. ಕೆಸರು ಮಿತಿ ದಾಟಿದರೆ ವಿಲೇವಾರಿಗೆ ಜಾಗವಿಲ್ಲವೆಂದಾದಾಗ ನೀರು ಕಂಪನಿಗಳು ಚರಂಡಿಯನ್ನು ಹಿಂದಕ್ಕೆ ಬೆನ್ನಟ್ಟಿ ಹೋದವು. ಕೊನೆಯಲ್ಲಿ ಸಿಕ್ಕಿದ್ದು ಲೋಹ ಲೇಪನದ ಕಾರ್ಖಾನೆ, ಬ್ಯಾಟರಿ ಘಟಕ, ಬಣ್ಣದ ಕಾರ್ಖಾನೆ. ಅಲ್ಲೇ ಲೋಹವನ್ನು ಬೇರ್ಪಡಿಸಿ ಹಿಡಿಯುವುದು ಕಡ್ಡಾಯವಾಯಿತು. ಪಶ್ಚಿಮ ಯುರೋಪಿನ ಕೆಸರಿನ ಕ್ಯಾಡ್ಮಿಯಂ ಈಗ ಹಳೆಯ ಮಿತಿಯ ಎಷ್ಟೋ ಕೆಳಗಿದೆ. ಹೊಲದಲ್ಲಿ ಎಳೆದ ಗೆರೆ ಕೆಲಸ ಮಾಡಿದ್ದು ಕಾರ್ಖಾನೆಯ ಗೇಟಿನಲ್ಲಿ.

ನಿಯಮ ಪಾಲಿಸಿದವರಿಗೆ ಬಿದ್ದ ಪೆಟ್ಟು

ಅಮೆರಿಕದ ಮೇನ್ ರಾಜ್ಯದಲ್ಲಿ ರೈತರು ಪರವಾನಗಿ ಪಡೆದ ಕೆಸರನ್ನೇ ವರ್ಷಗಟ್ಟಲೆ ಹಾಕಿದ್ದರು. ಲೋಹ ಮಿತಿಯೊಳಗಿತ್ತು, ಕಾಗದಪತ್ರ ಸರಿಯಾಗಿತ್ತು. 2016ರಲ್ಲಿ ಅಲ್ಲಿನ ಒಂದು ಹೈನು ಫಾರ್ಮಿನ ನೀರಿನಲ್ಲಿ, ಹಾಲಿನಲ್ಲಿ, ಮಣ್ಣಿನಲ್ಲಿ ಪಿಎಫ್‌ಎಎಸ್ ಎಂಬ ರಾಸಾಯನಿಕಗಳು ಪತ್ತೆಯಾದವು. ಇಂಗಾಲ ಮತ್ತು ಫ್ಲೋರಿನ್‌ಗಳ ಅತಿ ಗಟ್ಟಿ ಬಂಧದಿಂದ ಕಟ್ಟಿದ ಇವು ನೀರನ್ನೂ ಜಿಡ್ಡನ್ನೂ ಹತ್ತಿರ ಸೇರಿಸುವುದಿಲ್ಲ. ಅದಕ್ಕೇ ಎಣ್ಣೆ ಹೀರದ ಕಾಗದದಿಂದ ಹಿಡಿದು ಬೆಂಕಿಯಾರಿಸುವ ನೊರೆಯವರೆಗೆ ಬಳಕೆಯಾದವು. ಸಂಸ್ಕರಣಾ ಘಟಕದ ಯಾವ ಬ್ಯಾಕ್ಟೀರಿಯಾಗೂ ಈ ಬಂಧವನ್ನು ಒಡೆಯುವ ಶಕ್ತಿಯಿಲ್ಲ. ಕೆಸರಿಗೆ ಅಂಟಿಕೊಂಡು ಹೊಲಕ್ಕೆ, ಹುಲ್ಲಿಗೆ, ಹಸುವಿಗೆ, ಹಾಲಿಗೆ ಅವು ನಡೆದುಹೋದವು. ಹುಡುಕಿದಂತೆಲ್ಲ ಇನ್ನಷ್ಟು ಜಮೀನುಗಳು ಸಿಕ್ಕವು. 2022ರಲ್ಲಿ ಮೇನ್ ಹೊಲಕ್ಕೆ ಕೆಸರು ಹಾಕುವುದನ್ನು ಸಂಪೂರ್ಣ ನಿಷೇಧಿಸಿದ ಮೊದಲ ಅಮೆರಿಕನ್ ರಾಜ್ಯವಾಯಿತು, ನೊಂದ ರೈತರಿಗಾಗಿ ಆರು ಕೋಟಿ ಡಾಲರಿನ ನಿಧಿ ತೆಗೆದಿಟ್ಟಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2025ರ ಜನವರಿಯಲ್ಲಿ ಪ್ರಕಟಿಸಿದ ಕರಡು ವರದಿಯ ಪ್ರಕಾರ, ಈ ಗುಂಪಿನ ಎರಡು ರಾಸಾಯನಿಕಗಳು ಕೆಸರಿನಲ್ಲಿ ಶತಕೋಟಿಗೆ ಒಂದು ಪಾಲಿನಷ್ಟಿದ್ದರೂ, ಅಂದರೆ ಸಾವಿರ ಟನ್ನಿಗೆ ಒಂದು ಗ್ರಾಂ ಇದ್ದರೂ, ಕೆಲವು ಸಂದರ್ಭಗಳಲ್ಲಿ ಅಪಾಯ ಸಂಸ್ಥೆಯ ಗೆರೆ ದಾಟಬಹುದು. 1993ರ ಕೆಸರು ನಿಯಮದಲ್ಲಿ ಈ ಹೆಸರುಗಳೇ ಇರಲಿಲ್ಲ.

ನಿಷೇಧಿಸಿದ ಮಾತ್ರಕ್ಕೆ ಕೆಸರು ಮಾಯವಾಗುವುದಿಲ್ಲ. ಮೇನ್‌ನ ಕೆಸರಿಗೆ ಹೂಳುವ ಜಾಗ ಸಾಲದೆ ಕೆಲಕಾಲ ಗಡಿದಾಟಿ ಕೆನಡಾಕ್ಕೆ ಸಾಗಿಸಬೇಕಾಯಿತು. 2006ರ ವೇಳೆಗೆ ಹೊಲಕ್ಕೆ ಕೆಸರು ಹಾಕುವುದನ್ನು ನಿಷೇಧಿಸಿದ ಸ್ವಿಟ್ಜರ್ಲೆಂಡ್ ಅದನ್ನು ಸುಡುತ್ತದೆ. ಗಣಿಯಿಂದ ಅಗೆದು ತರಬೇಕಾದ ರಂಜಕ ಹೀಗೆ ಬೂದಿಯಾಗುವುದನ್ನು ಕಂಡ ಜರ್ಮನಿ 2017ರಲ್ಲಿ ನಡುದಾರಿ ಹಿಡಿಯಿತು: ಒಂದು ಲಕ್ಷ ಜನಸಂಖ್ಯೆಗಿಂತ ದೊಡ್ಡ ಘಟಕಗಳು 2029ರಿಂದ, 50 ಸಾವಿರ ದಾಟಿದವು 2032ರಿಂದ ಕೆಸರಿನ ಅಥವಾ ಅದರ ಬೂದಿಯ ರಂಜಕವನ್ನು ಮರಳಿ ಪಡೆಯಲೇಬೇಕು.

ನೆನಪು ಉದ್ದವಾದಷ್ಟೂ

ಇಷ್ಟನ್ನು ಜೋಡಿಸಿದರೆ ಒಂದು ಸೂತ್ರ ಸಿಗುತ್ತದೆ. ಮಣ್ಣು ಒಂದು ವಸ್ತುವನ್ನು ಎಷ್ಟು ಹೆಚ್ಚು ಕಾಲ ನೆನಪಿಡುತ್ತದೋ, ಅದನ್ನು ಹಿಡಿಯುವ ನಿಯಮ ಹೊಲದಿಂದ ಅಷ್ಟು ಹಿಂದೆ, ಮೂಲದ ಕಡೆಗೆ ನಿಲ್ಲಬೇಕು. ಸಾರಜನಕಕ್ಕೆ ರೈತರ ಕ್ಯಾಲೆಂಡರ್ ಸಾಕು. ಹುಳುವಿನ ಮೊಟ್ಟೆಗೆ ಸಂಸ್ಕರಣಾ ಘಟಕ ಬೇಕು. ಲೋಹಕ್ಕೆ ಕಾರ್ಖಾನೆಯ ಗೇಟು. ಎಂದೂ ಕೊಳೆಯದ ರಾಸಾಯನಿಕಕ್ಕೆ ಅದನ್ನು ತಯಾರಿಸುವ ನಿರ್ಧಾರವೇ ತಡೆಯುವ ಜಾಗ. ಈ ಕ್ರಮ ತಪ್ಪಿದಾಗಲೆಲ್ಲ ಸಾಲಿನ ಕೊನೆಯಲ್ಲಿ ನಿಂತ ರೈತರು ಬೇರೆಯವರ ತಪ್ಪಿಗೆ ದಂಡ ತೆತ್ತಿದ್ದಾರೆ.

ಬೆಂಗಳೂರಿನ ಸುತ್ತಮುತ್ತ ಈ ಸೂತ್ರಕ್ಕೆ ಕೆಲಸವಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ಲೆಕ್ಕದಲ್ಲಿ ಭಾರತದ ಪಟ್ಟಣಗಳು ದಿನಕ್ಕೆ 72,368 ದಶಲಕ್ಷ ಲೀಟರ್ ಕೊಳಚೆ ನೀರು ಹರಿಸುತ್ತವೆ, ಅದರ ಸಂಸ್ಕರಣೆಗೆ ಸ್ಥಾಪಿಸಿರುವ ಸಾಮರ್ಥ್ಯ 31,841 ದಶಲಕ್ಷ ಲೀಟರ್. ಘಟಕಗಳು ಏಳುತ್ತ ಹೋದಂತೆ ಕೆಸರೂ ಏರುತ್ತದೆ. ನಮ್ಮ ರಸಗೊಬ್ಬರ ನಿಯಂತ್ರಣ ಆದೇಶ ನಗರ ಕಾಂಪೋಸ್ಟಿನಲ್ಲಿ ಕ್ಯಾಡ್ಮಿಯಂ ಕಿಲೋಗೆ 5 ಮಿಲಿಗ್ರಾಂ, ಸೀಸ 100 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ. ಯುರೋಪಿನ ಕೆಸರಿನ ಮಿತಿಗಿಂತ ಬಿಗಿಯಾದ ಅಂಕಿ ಇದು. ಆದರೆ ಗೊಬ್ಬರವೆಂದು ಮಾರುವ ಕಾಂಪೋಸ್ಟಿಗಷ್ಟೇ ಈ ಅಂಕಿ ಅನ್ವಯ. ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿದ ಲಾರಿ ತೆಂಗಿನ ತೋಟದ ಗುಂಡಿಗೆ ಸುರಿದು ಹೋಗುವುದನ್ನು ಯಾರೂ ತೂಗಿ ನೋಡುವುದಿಲ್ಲ.

ಆ ಲಾರಿಯನ್ನು ಮತ್ತು ಮಹಾನಗರದ ಘಟಕದ ಕೆಸರನ್ನು ಒಂದೇ ತಕ್ಕಡಿಗೆ ಹಾಕುವುದೂ ಸರಿಯಲ್ಲ. ಮನೆಗಳ ಸೆಪ್ಟಿಕ್ ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಲೋಹ ಕಡಿಮೆ, ಹುಳುವಿನ ಮೊಟ್ಟೆ ಹೆಚ್ಚು. ಅದಕ್ಕೆ ಬೇಕಾದದ್ದು ಒಣಗಿಸುವ ಹಾಸು, ಕಾಂಪೋಸ್ಟಿನ ಬಿಸಿ, ಕಾಯುವ ತಾಳ್ಮೆ. 2015ರಲ್ಲಿ ಶುರುವಾದ ದೇವನಹಳ್ಳಿಯ ಮಲತ್ಯಾಜ್ಯ ಸಂಸ್ಕರಣಾ ಘಟಕ ಇದು ಸಣ್ಣ ಪಟ್ಟಣಕ್ಕೂ ಸಾಧ್ಯವೆಂದು ತೋರಿಸಿತು. ಪೀಣ್ಯದ ಕಾರ್ಖಾನೆಗಳ ನೀರು ಸೇರುವ ವೃಷಭಾವತಿಯ ಕಣಿವೆಯಲ್ಲಾದರೆ ಎಷ್ಟು ಒಣಗಿಸಿದರೂ, ಎಷ್ಟು ಕಾದರೂ ಲೋಹ ಹೋಗುವುದಿಲ್ಲ. ಅಲ್ಲಿನ ಸೊಪ್ಪು ಬೆಳೆಗಾರರಿಗೆ ಉಪದೇಶ ಹೇಳುವ ಮೊದಲು ಪೀಣ್ಯದ ಗೇಟಿನಲ್ಲಿ ಮೀಟರು ಕೂರಿಸಬೇಕು.

ಗೊಬ್ಬರದ ಟ್ಯಾಂಕರ್ ಬದುವಿನ ಬಳಿ ನಿಂತಾಗ ಪುಕ್ಕಟೆಯೇ ಎಂದು ವಿಚಾರಿಸುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಇದು ಮನೆಗಳದೋ, ಕಾರ್ಖಾನೆಯೂ ಸೇರಿದ್ದೋ? ಎಷ್ಟು ತಿಂಗಳು ಒಣಗಿದೆ, ಎಷ್ಟು ಬಿಸಿ ಕಂಡಿದೆ? ಪರೀಕ್ಷೆ ಮಾಡಿಸಿದ ಚೀಟಿ ಎಲ್ಲಿ, ನಾಳೆ ಹೆಚ್ಚುಕಡಿಮೆಯಾದರೆ ಜವಾಬ್ದಾರಿ ಯಾರದು? ಕೊನೆಯ ಪ್ರಶ್ನೆಗೆ ಉತ್ತರವನ್ನು ಮೇನ್‌ನ ರೈತರು ಕೆಸರು ಹಾಕಿದ ಎಷ್ಟೋ ವರ್ಷಗಳ ಮೇಲೆ ಹುಡುಕಬೇಕಾಯಿತು. ನಾವು ನಿಯಮ ಬರೆಯಲು ಈಗಷ್ಟೇ ಕುಳಿತಿದ್ದೇವೆ, ಆ ಉತ್ತರವನ್ನು ಮೊದಲ ಪುಟದಲ್ಲೇ ಬರೆದುಕೊಳ್ಳಬಹುದು.